ಯಂತ್ರ ಪರಿಚಯ: ಗೇರುಪೆಟ್ಟಿಗೆಯೊಳಗಿನ ಪುಟ್ಟ ಸ್ಪ್ರಿಂಗು

ಕೆಲವು ವರ್ಷಗಳ ಹಿಂದೆ ಅಮೆರಿಕೆಯಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ತಂಗಿದ್ದೆ. ಅವರಲ್ಲಿ ಬೇರೊಬ್ಬರು ಬಳಸಿ ಮಾರಿದ ಹಳೆಯ ವ್ಯಾನೊಂದಿತ್ತು. ಮಕ್ಕಳನ್ನು ಶಾಲೆಗೆ ಬಿಡುವುದು, ಮನೆಗೆ ದಿನಸಿ ತರುವುದು, ಅಳಿಯ ಕೆಲಸಕ್ಕೆ ಹೋಗುವುದು ಎಲ್ಲವೂ ಅದರಿಂದಲೇ ಆಗಬೇಕು. ಕ್ಲಚ್ ಪೆಡಲು ಇಲ್ಲದ, ತಾನಾಗಿಯೇ ಗೇರು ಬದಲಿಸಿಕೊಳ್ಳುವ ಬಂಡಿ ಅದು. ಒಂದು ಬೆಳಿಗ್ಗೆ ಮನೆಯಿಂದ ಹೊರಟು ತುಸು ವೇಗ ಹಿಡಿಯುವಷ್ಟರಲ್ಲಿ, ಹಿಂದಿನಿಂದ ಯಾರೋ ಗುದ್ದಿದಂತೆ ದಡಕ್ಕನೆ ಜಗ್ಗಿತು. ಹಿಂದಿನ ಆಸನದಲ್ಲಿದ್ದ ಮೊಮ್ಮಗ "ಅಜ್ಜಾ, ಗಾಡಿ ಒದೀತು!" ಎಂದು ಕೂಗಿದ. ಅಂದಿನಿಂದ ಮೊದಲನೆಯ ಗೇರಿನಿಂದ ಎರಡನೆಯದಕ್ಕೆ ಹೋಗುವಾಗಲೆಲ್ಲ ಅದೇ ಒದೆತ.

ದುರಸ್ತಿ ಕೇಂದ್ರವೊಂದಕ್ಕೆ ಒಯ್ದದ್ದಾಯಿತು. ಅಲ್ಲಿಯವರು ಹತ್ತು ನಿಮಿಷ ಓಡಿಸಿ ನೋಡಿ, ಗೇರುಪೆಟ್ಟಿಗೆಯೇ ಕೆಟ್ಟಿದೆ, ಬೇರೆಯದನ್ನು ಕೂರಿಸಬೇಕು ಎಂದು ತೀರ್ಪಿತ್ತರು. ಅವರು ಬರೆದುಕೊಟ್ಟ ಮೊತ್ತವು ಆ ವ್ಯಾನಿನ ಬೆಲೆಯನ್ನೇ ಮೀರಿತ್ತು. ಆ ರಾತ್ರಿ ಮಗಳೂ ಅಳಿಯನೂ ಆ ಚೀಟಿಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದರು. ಕೊನೆಗೆ ಮಗಳು ಒಂದು ಮಾತು ಹೇಳಿದಳು: "ಆಶ್ಚರ್ಯ ನೋಡಪ್ಪಾ, ಎರಡು ತಿಂಗಳ ಹಿಂದೆ ಇದು ಬೆಣ್ಣೆಯ ಹಾಗೆ ಓಡುತ್ತಿತ್ತು. ಗೇರು ಬದಲಾದದ್ದೇ ಗೊತ್ತಾಗುತ್ತಿರಲಿಲ್ಲ. ಮೊದಲಿಗಿಂತ ಚೆನ್ನಾಗಿದೆ ಎಂದು ನಾವು ಖುಷಿಪಟ್ಟಿದ್ದೆವು."

ಪಾಲಿಟೆಕ್ನಿಕ್ಕಿನಲ್ಲಿ ಬಹುಕಾಲ ಯಂತ್ರಶಾಸ್ತ್ರವನ್ನು ಕಲಿಸಿದ ನನಗೆ ಆ ಮಾತಿನಲ್ಲಿ ಸುಳಿವೊಂದು ಕಂಡಿತು. ಅದು ಏನೆಂಬುದನ್ನು ತಿಳಿಯಬೇಕಾದರೆ ಆ ಪೆಟ್ಟಿಗೆಯೊಳಗೆ ನಡೆಯುವ ಒಂದು ಅರ್ಧ ಸೆಕೆಂಡಿನ ಕೆಲಸವನ್ನು ನಾವು ನಿಧಾನವಾಗಿ ನೋಡಬೇಕು. ಇಂದು ನಮ್ಮ ಊರುಗಳಲ್ಲಿಯೂ ಇಂಥ ಕಾರುಗಳು ಮನೆಮನೆಗೆ ಬರುತ್ತಿರುವುದರಿಂದ ಈ ವಿಷಯವು ಓದುಗರಿಗೆ ಪ್ರಯೋಜನಕಾರಿಯಾದೀತೆಂದು ನಂಬಿದ್ದೇನೆ.

ಹೆಗಲು ಬದಲಿಸುವ ಕಲೆ

ಕಾಲಿನಿಂದ ಕ್ಲಚ್ ಒತ್ತುವ ಕೆಲಸವನ್ನು ಪೂರ್ತಿಯಾಗಿ ಯಂತ್ರಕ್ಕೆ ವಹಿಸಿ, ಅಪಾರ ಸಂಖ್ಯೆಯಲ್ಲಿ ತಯಾರಾಗಿ ಜನರ ಕೈಗೆ ಬಂದ ಮೊದಲ ಗೇರುಪೆಟ್ಟಿಗೆ ಅಮೆರಿಕೆಯ ಜನರಲ್ ಮೋಟರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್. 1939ರಲ್ಲಿ ಪ್ರಕಟವಾಗಿ, ಓಲ್ಡ್ಸ್‌ಮೊಬೀಲ್ ಕಾರಿನ 1940ರ ಮಾದರಿಯಲ್ಲಿ ಅದು ಮಾರಾಟಕ್ಕೆ ಬಂದಿತು. ಅಂದಿನಿಂದ ವಿನ್ಯಾಸಗಳು ಅನೇಕ ಬಗೆಯಲ್ಲಿ ಬದಲಾಗಿದ್ದರೂ ಒಳಗಿನ ತತ್ತ್ವವು ಬಹುಮಟ್ಟಿಗೆ ಒಂದೇ ಆಗಿದೆ.

ಇಂಥ ಪೆಟ್ಟಿಗೆಯಲ್ಲಿ ಹಲ್ಲುಚಕ್ರಗಳು ಸೂರ್ಯನ ಸುತ್ತ ಗ್ರಹಗಳಿರುವಂತೆ ಜೋಡಿಸಿಕೊಂಡು ಸದಾ ಒಂದನ್ನೊಂದು ಕಚ್ಚಿಕೊಂಡೇ ಇರುತ್ತವೆ. ಅವುಗಳಲ್ಲಿ ಯಾವುದನ್ನು ಹಿಡಿದು ನಿಲ್ಲಿಸಬೇಕು, ಯಾವುದನ್ನು ಇನ್ನೊಂದಕ್ಕೆ ಕಟ್ಟಬೇಕು ಎಂಬುದರ ಮೇಲೆ ಗೇರು ನಿರ್ಧಾರವಾಗುತ್ತದೆ. ಕಟ್ಟುವ ಕೆಲಸ ಕ್ಲಚ್ಚಿನ ಬಿಲ್ಲೆಗಳದು. ಹಿಡಿದು ನಿಲ್ಲಿಸುವ ಕೆಲಸ ಕೆಲವೆಡೆ ಕ್ಲಚ್ಚಿನದು, ಕೆಲವೆಡೆ ಬ್ಯಾಂಡ್ ಎಂಬ ಉಕ್ಕಿನ ಪಟ್ಟಿಯದು. ಇವೆರಡನ್ನೂ ಅದುಮುವುದು ತೈಲ. ಪಂಪೊಂದು ತೈಲವನ್ನು ಒತ್ತಡದಿಂದ ನೂಕುತ್ತದೆ. ಕವಾಟಗಳು ಅದಕ್ಕೆ ದಾರಿ ತೋರುತ್ತವೆ.

ಈಗ ಗೇರು ಬದಲಾಗುವ ಗಳಿಗೆಯನ್ನು ನೆನೆಯಿರಿ. ಜಾತ್ರೆಯಲ್ಲಿ ಪಲ್ಲಕ್ಕಿ ಹೊರುವವರು ನಡೆಯುತ್ತಲೇ ಹೆಗಲು ಬದಲಿಸುವುದನ್ನು ತಾವೆಲ್ಲ ಕಂಡಿದ್ದೀರಿ. ಹೊಸಬನು ಹೆಗಲು ಕೊಡುವುದು ತಡವಾದರೆ ಪಲ್ಲಕ್ಕಿ ವಾಲುತ್ತದೆ. ಬಂದವನೇ ಒಮ್ಮೆಲೆ ಮೇಲಕ್ಕೆತ್ತಿದರೆ ಕುಲುಕುತ್ತದೆ. ಬಲ್ಲವನು ಮೊದಲು ಹೆಗಲನ್ನು ತಾಗಿಸಿ, ಭಾರವನ್ನು ಸ್ವಲ್ಪಸ್ವಲ್ಪವಾಗಿ ತನ್ನ ಮೇಲೆ ಎಳೆದುಕೊಂಡು, ಕೊನೆಗೆ ಪೂರ್ತಿ ಹೊರುತ್ತಾನೆ. ಗೇರುಪೆಟ್ಟಿಗೆಯಲ್ಲಿ ಹೊಸ ಕ್ಲಚ್ಚು ಮಾಡಬೇಕಾದದ್ದೂ ಇದನ್ನೇ. ಆದರೆ ತೈಲಕ್ಕೆ ಅಂಥ ವಿವೇಕವಿಲ್ಲ. ಕವಾಟ ತೆರೆದೊಡನೆ ಅದು ತನ್ನೆಲ್ಲ ಬಲದಿಂದ ನುಗ್ಗುತ್ತದೆ. ಅದಕ್ಕೆ ತಾಳ್ಮೆಯನ್ನು ಕಲಿಸಲು ಇಟ್ಟಿರುವ ಉಪಾಯವೇ ಅಕ್ಯುಮ್ಯುಲೇಟರ್. ಇದನ್ನು ಕನ್ನಡದಲ್ಲಿ ಸಂಚಾಯಕವೆನ್ನಬಹುದು.

ಸಂಚಾಯಕದ ರಚನೆ

ಸಂಚಾಯಕದ ರಚನೆ ಬಹು ಸರಳ. ಒಂದು ಚಿಕ್ಕ ಕೊಳವೆ, ಅದರೊಳಗೆ ಜಾರುವ ಒಂದು ಪಿಸ್ಟನ್, ಪಿಸ್ಟನ್ನಿನ ಬೆನ್ನಿಗೆ ಒಂದು ಸುರುಳಿ ಸ್ಪ್ರಿಂಗು. ಕ್ಲಚ್ಚಿಗೆ ಹೋಗುವ ತೈಲದ ದಾರಿಯಲ್ಲಿ ಒಂದು ಕವಲೊಡೆದು ಈ ಕೊಳವೆಗೆ ಸೇರುತ್ತದೆ. ತೈಲವು ಒಂದು ಸಣ್ಣ ರಂಧ್ರದ ಮೂಲಕ ಬಂದು ಮೊದಲು ಕ್ಲಚ್ಚಿನ ಬಿಲ್ಲೆಗಳ ನಡುವಿನ ಸಡಿಲನ್ನು ಮುಚ್ಚುತ್ತದೆ. ಬಿಲ್ಲೆಗಳು ಒಂದಕ್ಕೊಂದು ತಾಗಿದ ಮೇಲೆ ಒತ್ತಡ ಏರತೊಡಗುತ್ತದೆ. ಆಗ ಸಂಚಾಯಕದ ಪಿಸ್ಟನ್ ಸ್ಪ್ರಿಂಗನ್ನು ಒತ್ತುತ್ತ ಹಿಂದೆ ಸರಿಯುತ್ತದೆ. ಅದು ಸರಿಯುವಷ್ಟು ಹೊತ್ತು ಬರುತ್ತಿರುವ ತೈಲದಲ್ಲಿ ಬಹುಪಾಲು ಆ ಜಾಗವನ್ನು ತುಂಬಲು ಹೋಗುವುದರಿಂದ, ಕ್ಲಚ್ಚಿನ ಮೇಲಿನ ಒತ್ತಡವು ಒಮ್ಮೆಲೆ ಜಿಗಿಯದೆ ಇಳಿಜಾರಿನಂತೆ ನಿಧಾನವಾಗಿ ಏರುತ್ತದೆ. ಪಿಸ್ಟನ್ ತುದಿ ಮುಟ್ಟಿದ ಮೇಲೆ ಪಂಪಿನ ಪೂರ್ಣ ಒತ್ತಡವು ಕ್ಲಚ್ಚಿಗೆ ಸಿಗುತ್ತದೆ. ಅಷ್ಟರಲ್ಲಿ ಕ್ಲಚ್ಚು ಹಿಡಿತ ಮುಗಿಸಿರಬೇಕು.

ಇಲ್ಲಿ ಸ್ಪ್ರಿಂಗಿನ ಪಾತ್ರವೇನೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮದಂತೆ, ಸ್ಪ್ರಿಂಗನ್ನು ಎಷ್ಟು ಅದುಮುತ್ತೇವೆಯೋ ಅದಕ್ಕೆ ತಕ್ಕ ಪ್ರಮಾಣದಲ್ಲಿಯೇ ಅದು ತಿರುಗಿ ನೂಕುತ್ತದೆ. ನಮ್ಮ ಪಿಸ್ಟನ್ನಿನ ವ್ಯಾಸ 40 ಮಿಲಿಮೀಟರ್ ಇರಲಿ; ಅದರ ಮುಖದ ವಿಸ್ತಾರ ಸುಮಾರು 12.5 ಚದರ ಸೆಂಟಿಮೀಟರ್ ಆಗುತ್ತದೆ. ಸ್ಪ್ರಿಂಗನ್ನು ಮೊದಲೇ 25 ಕಿಲೋಗ್ರಾಂ ಬಲದಿಂದ ಅದುಮಿ ಕೂರಿಸಿರಲಿ. ಮುಂದೆ ಅದುಮುವ ಪ್ರತಿ ಮಿಲಿಮೀಟರಿಗೂ 2 ಕಿಲೋಗ್ರಾಂ ಬಲ ಹೆಚ್ಚಲಿ. ಹಾಗಿದ್ದರೆ ತೈಲದ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಆದಾಗ ಪಿಸ್ಟನ್ ಅಲುಗುತ್ತದೆ. 10 ಮಿಲಿಮೀಟರ್ ಸರಿದು ತುದಿ ಮುಟ್ಟುವಾಗ ಸ್ಪ್ರಿಂಗಿನ ಬಲ 45 ಕಿಲೋಗ್ರಾಮಿಗೂ, ಒತ್ತಡ 3.6ಕ್ಕೂ ಏರಿರುತ್ತದೆ. ಈ ಅವಧಿಯಲ್ಲಿ ಸಂಚಾಯಕವು ನುಂಗುವ ತೈಲ 12.5 ಘನ ಸೆಂಟಿಮೀಟರ್. ರಂಧ್ರವು ಸೆಕೆಂಡಿಗೆ 25 ಘನ ಸೆಂಟಿಮೀಟರ್ ತೈಲವನ್ನು ಬಿಡುವುದಾದರೆ, ಈ ಏರಿಕೆಗೆ ಅರ್ಧ ಸೆಕೆಂಡು ದೊರೆಯುತ್ತದೆ. ಎಂದರೆ ಎಷ್ಟು ಹೊತ್ತು ಎಂಬುದನ್ನು ರಂಧ್ರವೂ ಕೊಳವೆಯ ಅಳತೆಯೂ ನಿರ್ಧರಿಸಿದರೆ, ಆ ಹೊತ್ತಿನಲ್ಲಿ ಹಿಡಿತ ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ಸ್ಪ್ರಿಂಗು ನಿರ್ಧರಿಸುತ್ತದೆ.

ಬಿಗಿಯಾದರೆ ಒಂದು, ಸಡಿಲಾದರೆ ಇನ್ನೊಂದು

ಈ ಸ್ಪ್ರಿಂಗಿನ ಸ್ಥಾನದಲ್ಲಿ ಎರಡು ಪಟ್ಟು ಬಿಗಿಯಾದುದನ್ನು ಇಟ್ಟೆವೆನ್ನಿ. ಪಿಸ್ಟನ್ ಅಲುಗಬೇಕಾದರೆ ಒತ್ತಡವು 4ಕ್ಕೆ ಏರಬೇಕು. ಅಷ್ಟರೊಳಗೆ ಕ್ಲಚ್ಚು ಬಲವಾಗಿ ಕಚ್ಚಿಕೊಂಡುಬಿಡುತ್ತದೆ. ಎಂಜಿನ್ನಿನ ವೇಗವು ಕ್ಷಣಾರ್ಧದಲ್ಲಿ ಕುಸಿಯಬೇಕಾಗಿ ಬಂದು, ಅದರ ತಿರುಗಣೆಯಲ್ಲಿದ್ದ ಶಕ್ತಿಯೆಲ್ಲ ಗಾಲಿಗಳಿಗೆ ಗುದ್ದಾಗಿ ತಲಪುತ್ತದೆ. ಪ್ರಯಾಣಿಕರಿಗೆ ಅದು ಒದೆತ. ದಂಡ, ಕೀಲು, ಹಲ್ಲುಚಕ್ರಗಳಿಗೆ ಅದು ಸುತ್ತಿಗೆಯ ಪೆಟ್ಟು. ಪಿಸ್ಟನ್ ತನ್ನ ಕೊಳವೆಯಲ್ಲಿ ಓರೆಯಾಗಿ ಸಿಕ್ಕಿಕೊಂಡರೂ ಪರಿಣಾಮ ಇದೇ.

ಸ್ಪ್ರಿಂಗು ತೀರ ಸಡಿಲಾದರೆ ಆಗುವುದು ಬೇರೆ. ಒತ್ತಡವು 1ನ್ನು ಮುಟ್ಟುವ ಮೊದಲೇ ಪಿಸ್ಟನ್ ಹಿಂದೆ ಸರಿಯತೊಡಗುತ್ತದೆ. ಆ ಅರ್ಧ ಸೆಕೆಂಡೂ ಕ್ಲಚ್ಚಿನ ಮೇಲೆ ಸಾಕಷ್ಟು ಬಲವಿರುವುದಿಲ್ಲ. ಬಿಲ್ಲೆಗಳು ತಾಗಿಯೂ ಹಿಡಿಯದೆ ಒಂದರ ಮೇಲೊಂದು ಉಜ್ಜುತ್ತ ಜಾರುತ್ತವೆ. ಸ್ಪ್ರಿಂಗು ತುಸು ಮಾತ್ರ ಸೋತಿದ್ದರೆ ಈ ಜಾರುವಿಕೆಯು ಕುಳಿತವರಿಗೆ ಹಿತವಾಗಿಯೇ ತೋರುತ್ತದೆ. ಗೇರು ಬದಲಾದದ್ದೇ ತಿಳಿಯುವುದಿಲ್ಲ. ಆದರೆ ಆ ಹಿತದ ಕ್ಷಣದಲ್ಲಿ ಬಿಲ್ಲೆಗಳ ಮೇಲಿನ ಕಾಗದದಂಥ ಘರ್ಷಣೆಯ ಪದರವು ಬಿಸಿಯಾಗುತ್ತಿರುತ್ತದೆ. ಹುಟ್ಟುವ ಶಾಖವು ಜಾರುವ ವೇಗ, ಹಿಡಿತದ ಬಲ, ಜಾರಿದ ಹೊತ್ತು ಇವು ಮೂರರ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ. ದಿನಕ್ಕೆ ನೂರಾರು ಸಲ ಗೇರು ಬದಲಿಸುವ ಬಂಡಿಯಲ್ಲಿ ಪ್ರತಿ ಸಲವೂ ತುಸು ಹೆಚ್ಚು ಬೆಂದರೆ, ಕೆಲವೇ ತಿಂಗಳಲ್ಲಿ ಪದರವು ಕಪ್ಪಾಗಿ ಕಳಚತೊಡಗುತ್ತದೆ. ಕೆಂಪಾಗಿದ್ದ ತೈಲ ಕಂದುಬಣ್ಣಕ್ಕೆ ತಿರುಗಿ ಸೀದ ವಾಸನೆ ಬೀರುತ್ತದೆ.

ಒದೆತವನ್ನು ಎಲ್ಲರೂ ದೋಷವೆಂದು ಗುರುತಿಸುತ್ತಾರೆ. ಮೆದುತನವನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಒದೆಯುವ ಬಂಡಿ ಮನೆಯವರನ್ನು ದುರಸ್ತಿಯವನ ಬಳಿಗೆ ಕಳಿಸುತ್ತದೆ. ಮೆತ್ತಗೆ ಜಾರುವ ಬಂಡಿಯಾದರೋ ಮನೆಯವರಿಂದ ಹೊಗಳಿಸಿಕೊಳ್ಳುತ್ತಲೇ ಒಳಗೊಳಗೆ ಸುಟ್ಟುಕೊಳ್ಳುತ್ತದೆ.

ಸ್ಪ್ರಿಂಗಿನ ಅಳತೆಯೂ ಕಣ್ಣಿಗೆ ನಿಲುಕುವಂಥದಲ್ಲ. ಸುರುಳಿ ಸ್ಪ್ರಿಂಗಿನ ಬಿಗಿತವು ಅದರ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 3 ಮಿಲಿಮೀಟರ್ ತಂತಿಯ ಬದಲು 3.3 ಮಿಲಿಮೀಟರ್ ತಂತಿಯಿಂದ ಅದೇ ಸುರುಳಿಯನ್ನು ಸುತ್ತಿದರೆ ಬಿಗಿತವು ನೂರಕ್ಕೆ 46ರಷ್ಟು ಹೆಚ್ಚುತ್ತದೆ. ಕೈಯಲ್ಲಿ ಹಿಡಿದು ನೋಡಿದವರಿಗೆ ಎರಡೂ ಒಂದೇ. ಆದುದರಿಂದಲೇ ತಯಾರಕರು ಇಂಥ ಸ್ಪ್ರಿಂಗುಗಳಿಗೆ ಬೇರೆ ಬೇರೆ ಬಣ್ಣದ ಗುರುತು ಹಚ್ಚಿ, ಯಾವ ಎಂಜಿನ್ನಿಗೆ ಯಾವ ಬಣ್ಣದ್ದು ಎಂದು ಕೈಪಿಡಿಯಲ್ಲಿ ನಮೂದಿಸುತ್ತಾರೆ. ಗುಜರಿಯಲ್ಲಿ ದೊರೆತ, ಉದ್ದ ಹೊಂದುವ ಸ್ಪ್ರಿಂಗೊಂದನ್ನು ತುರುಕುವುದು ಎಂದಿಗೂ ತರವಲ್ಲ.

ಒಂದು ಪ್ರಸಿದ್ಧ ಪೆಟ್ಟಿಗೆಯ ಉದಾಹರಣೆ

ಜನರಲ್ ಮೋಟರ್ಸ್ ಸಂಸ್ಥೆಯು 1982ರ ಮಾದರಿಗಳಲ್ಲಿ ತಂದ 700-ಆರ್4 ಎಂಬ ಗೇರುಪೆಟ್ಟಿಗೆಯು ಈ ವಿಷಯವನ್ನು ಅರಿಯಲು ಒಳ್ಳೆಯ ಪಾಠ. ಮುಂದೆ ಅದಕ್ಕೆ 4ಎಲ್60 ಎಂದು ಹೆಸರಾಯಿತು. 1993ರಿಂದ ವಿದ್ಯುನ್ಮಾನ ನಿಯಂತ್ರಣದೊಡನೆ ಅದು 4ಎಲ್60-ಇ ಎನಿಸಿತು. ಅದರ ಮೊದಲ ಗೇರಿನ ಅನುಪಾತ 3.06, ಎರಡನೆಯದು 1.63. ಎಂದರೆ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವ ಎಂಜಿನ್ ಗೇರು ಬದಲಾದೊಡನೆ ಸುಮಾರು 1,600 ಸುತ್ತಿಗೆ ಇಳಿಯಬೇಕು. ನಾಲ್ಕು ಗೇರುಗಳ ನಡುವಿನ ಬದಲಾವಣೆಗಳಲ್ಲಿ ಅತಿ ದೊಡ್ಡ ಜಿಗಿತ ಇದೇ. ಆದಕಾರಣ ಒದೆತವು ಬಹುತೇಕ ಇಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ.

ಎರಡನೆಯ ಗೇರಿಗೆ ಇದರಲ್ಲಿ ಬ್ಯಾಂಡು ಬಿಗಿಯಬೇಕು. ಅದನ್ನು ಬಿಗಿಯುವ ತೈಲವೇ ಮೊದಲನೆಯ ಸಂಚಾಯಕಕ್ಕೂ ಹೋಗುತ್ತದೆ. ಮೂರರಿಂದ ನಾಲ್ಕಕ್ಕೆ ಹೋಗಲು ಇನ್ನೊಂದು ಪ್ರತ್ಯೇಕ ಸಂಚಾಯಕವಿದೆ. ಸ್ಪ್ರಿಂಗಿನ ಬೆನ್ನಿಗೆ ಬರಿಯ ಗಾಳಿಯಿಲ್ಲ; ಅಲ್ಲಿಯೂ ತೈಲವಿದೆ. ಏರುದಾರಿಯಲ್ಲಿ ತುಂಬಿದ ಬಂಡಿಯನ್ನು ಎಳೆಯುವಾಗ ಎಂಜಿನ್ನಿನ ತಿರುಚುಬಲ ಹೆಚ್ಚು. ಹಿಡಿತವೂ ಹೆಚ್ಚು ಬೇಕು. ಅದನ್ನು ಸ್ಪ್ರಿಂಗೊಂದೇ ಅರಿಯಲಾರದು. ಆದುದರಿಂದ ಭಾರಕ್ಕೆ ತಕ್ಕಂತೆ ಏರಿಳಿಯುವ ತೈಲದ ಒತ್ತಡವನ್ನು ಸ್ಪ್ರಿಂಗಿನ ಬೆನ್ನಿಗೆ ನಿಲ್ಲಿಸಿದ್ದಾರೆ.

ಹಳೆಯ 700-ಆರ್4ರಲ್ಲಿ ಈ ಭಾರದ ಸುದ್ದಿಯನ್ನು ವೇಗವರ್ಧಕದಿಂದ ಪೆಟ್ಟಿಗೆಗೆ ಒಯ್ಯುತ್ತಿದ್ದುದು ಒಂದು ತಂತಿ. ಆ ತಂತಿಯನ್ನು ಸಡಿಲಾಗಿ ಕಟ್ಟಿದರೆ ಪೆಟ್ಟಿಗೆಯು ಎಂಜಿನ್ನಿಗೆ ಭಾರವಿಲ್ಲವೆಂದು ಭಾವಿಸಿ ಒತ್ತಡವನ್ನು ತಗ್ಗಿಸುತ್ತಿತ್ತು. ಗೇರುಗಳು ಬೇಗಬೇಗನೆ, ಮೆತ್ತಮೆತ್ತಗೆ ಬದಲಾಗುತ್ತಿದ್ದವು, ಓಡಿಸುವವರು ಸಂತೋಷಪಡುತ್ತಿದ್ದರು, ಒಳಗಿನ ಕ್ಲಚ್ಚುಗಳು ಸುಟ್ಟುಹೋಗುತ್ತಿದ್ದವು. ಬಲ್ಲ ಕೆಲಸಗಾರರು ಇಂದಿಗೂ ಆ ಪೆಟ್ಟಿಗೆಯನ್ನು ಕೂರಿಸಿದ ಕೂಡಲೆ ಮೊದಲು ನೋಡುವುದು ಆ ತಂತಿಯನ್ನೇ.

ಒದೆತಕ್ಕೆಲ್ಲ ಸ್ಪ್ರಿಂಗೇ ಕಾರಣವೆಂದೂ ತಿಳಿಯಬಾರದು. 4ಎಲ್60-ಇ ಪೆಟ್ಟಿಗೆಯಲ್ಲಿ ಟಾರ್ಕ್ ಕನ್ವರ್ಟರಿನ ಕವಾಟದ ರಂಧ್ರವು ಸವೆದರೆ ತೈಲ ಸೋರಿ ಅಲ್ಲಿನ ಕ್ಲಚ್ಚು ಜಾರುತ್ತದೆ. ಕಂಪ್ಯೂಟರು ಪಿ1870 ಎಂಬ ಸಂಕೇತವನ್ನು ದಾಖಲಿಸಿ, ಇನ್ನಷ್ಟು ಸುಡದಿರಲೆಂದು ತೈಲದ ಒತ್ತಡವನ್ನು ಬೇಕೆಂದೇ ತುತ್ತತುದಿಗೆ ಏರಿಸುತ್ತದೆ. ಆಗ ಒಂದರಿಂದ ಎರಡಕ್ಕೆ ಹೋಗುವಾಗ ಬಂಡಿ ಬಲವಾಗಿ ಒದೆಯುತ್ತದೆ. ಅಲ್ಲಿ ಸಂಚಾಯಕದ್ದು ತಪ್ಪಿಲ್ಲ. ರೋಗಲಕ್ಷಣ ಒಂದೇ ಆದರೂ ರೋಗಗಳು ಹಲವು.

ಓಟದ ಸ್ಪರ್ಧೆಗಳಲ್ಲಿ ಪಾಲುಗೊಳ್ಳುವವರೂ ಭಾರದ ಬಂಡಿಗಳನ್ನು ಎಳೆಯುವವರೂ ಸಂಚಾಯಕದ ಸ್ಪ್ರಿಂಗನ್ನು ಬೇಕೆಂದೇ ಬಿಗಿಗೊಳಿಸುವುದುಂಟು. ಕೆಲವರು ಪಿಸ್ಟನ್ ಸರಿಯದಂತೆ ತಡೆದುಬಿಡುವುದೂ ಉಂಟು. ಅವರಿಗೆ ಕ್ಲಚ್ಚು ಜಾರದಿರುವುದೇ ಮುಖ್ಯ. ಬೆನ್ನಿಗೆ ಬೀಳುವ ಗುದ್ದು ಗೌಣ. ಕೂಸುಕಂದಮ್ಮಗಳನ್ನೂ ವೃದ್ಧರನ್ನೂ ಕೂರಿಸಿಕೊಂಡು ಹೋಗುವ ಸಂಸಾರದ ಬಂಡಿಗೆ ಆ ಮಾರ್ಗ ಸಲ್ಲದು.

ನಮ್ಮ ಕಾರುಗಳ ವಿಚಾರ

ನಮ್ಮಲ್ಲಿ ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ಬಂದು ಜನಪ್ರಿಯವಾದ ಎಎಂಟಿ ಎಂಬುದು ವಾಸ್ತವವಾಗಿ ಸಾಮಾನ್ಯ ಗೇರುಪೆಟ್ಟಿಗೆಯೇ. ಚಾಲಕನ ಕಾಲು ಮತ್ತು ಕೈಯ ಕೆಲಸವನ್ನು ಮಾತ್ರ ಅಲ್ಲಿ ಯಂತ್ರವು ಮಾಡುತ್ತದೆ. ಅದರಲ್ಲಿ ಗೇರು ಬದಲಾಗುವಾಗ ತಲೆ ತುಸು ಮುಂದಕ್ಕೆ ಬಾಗುವಂತಾಗುವುದು ಸಹಜ. ಅದಕ್ಕೂ ನಾನು ಹೇಳಿದ ಸ್ಪ್ರಿಂಗಿಗೂ ಸಂಬಂಧವಿಲ್ಲ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನ್ನೋವಾ ಕ್ರಿಸ್ಟಾದಲ್ಲಿ 2016ರಲ್ಲಿ ಬಂದ ಆರು ಗೇರಿನ ಪೆಟ್ಟಿಗೆಯಾದರೋ ಟಾರ್ಕ್ ಕನ್ವರ್ಟರ್ ಉಳ್ಳದ್ದು, ಈ ಲೇಖನದ ಕುಲಕ್ಕೇ ಸೇರಿದ್ದು. ಈಚಿನ ಇಂಥ ಪೆಟ್ಟಿಗೆಗಳಲ್ಲಿ ಒತ್ತಡವನ್ನು ಏರಿಸುವ ಬಹುಪಾಲು ಕೆಲಸವನ್ನು ಕಂಪ್ಯೂಟರಿನ ಅಪ್ಪಣೆಯಂತೆ ಸೊಲೆನಾಯ್ಡ್ ಕವಾಟಗಳು ಮಾಡುತ್ತವೆ; ಸಂಚಾಯಕಗಳು ಚಿಕ್ಕವಾಗಿವೆ, ಕಡಿಮೆಯಾಗಿವೆ. ಆದರೆ ಮೆಲ್ಲಗೆ ತಾಗಿ, ಸಕಾಲದಲ್ಲಿ ಗಟ್ಟಿಯಾಗಿ ಹಿಡಿಯಬೇಕೆಂಬ ನಿಯಮವು ಅಂದಿನಂತೆಯೇ ಇಂದೂ ಇದೆ.

ಇಂಥ ಕಾರುಳ್ಳ ಮನೆಯವರು ನೆನಪಿಡಬೇಕಾದ ಕೆಲವು ಮಾತುಗಳಿವೆ. ಹಿಂದಕ್ಕೆ ಚಲಿಸುತ್ತಿರುವ ಬಂಡಿಯನ್ನು ಪೂರ್ತಿ ನಿಲ್ಲಿಸದೆ ಮುಂದಿನ ಗೇರಿಗೆ ಹಾಕಬಾರದು. ಎಂಜಿನ್ನಿನ ವೇಗವು ಇದ್ದಕ್ಕಿದ್ದಂತೆ ಏರಿ, ಬಂಡಿ ಅದಕ್ಕೆ ತಕ್ಕಂತೆ ಮುಂದೋಡದಿದ್ದರೆ ಅದು ಜಾರುವಿಕೆಯ ಲಕ್ಷಣ. ಅದನ್ನು ಒದೆತದಷ್ಟೇ ಗಂಭೀರವಾಗಿ ಪರಿಗಣಿಸಬೇಕು. ತೈಲದ ಬಣ್ಣ ಮತ್ತು ವಾಸನೆಯನ್ನು ನಿಗದಿತ ಕಾಲಕ್ಕೆ ಪರೀಕ್ಷಿಸಬೇಕು, ಪರೀಕ್ಷಿಸಲು ಕಡ್ಡಿಯಿಲ್ಲದ ಕಾರುಗಳಲ್ಲಿ ಬಲ್ಲವರಿಂದ ಮಾಡಿಸಬೇಕು. ತಯಾರಕರು ಹೇಳಿದ ತೈಲವನ್ನಲ್ಲದೆ ಬೇರೆಯದನ್ನು ಹಾಕಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಪೆಟ್ಟಿಗೆಯನ್ನೇ ಬದಲಿಸಬೇಕೆಂದು ಯಾರಾದರೂ ಹೇಳಿದರೆ ನಾಲ್ಕು ಪ್ರಶ್ನೆ ಕೇಳಿ: ತೈಲವನ್ನು ನೋಡಿದಿರಾ? ಕಂಪ್ಯೂಟರಿನ ಸಂಕೇತಗಳನ್ನು ಓದಿದಿರಾ? ತೈಲದ ಒತ್ತಡವನ್ನು ಅಳೆದಿರಾ? ಕೆಳಗಿನ ತಟ್ಟೆಯನ್ನು ಬಿಚ್ಚಿದಿರಾ? ಈ ನಾಲ್ಕರಲ್ಲಿ ಒಂದನ್ನೂ ಮಾಡದೆ ನೀಡಿದ ತೀರ್ಪನ್ನು ಒಪ್ಪಬೇಕಾಗಿಲ್ಲ.

ತಟ್ಟೆಯಲ್ಲಿ ದೊರೆತದ್ದು

ಮಗಳ ವ್ಯಾನಿನ ಕಥೆಗೆ ಮರಳೋಣ. ಮೊದಲು ಬೆಣ್ಣೆಯಂಥ ನಡೆ, ಆಮೇಲೆ ಒದೆತ. ಈ ಕ್ರಮವನ್ನು ಕೇಳಿದಾಗ ಸ್ಪ್ರಿಂಗು ಮೊದಲು ಸೋತು, ಅನಂತರ ಪಿಸ್ಟನ್ ಸಿಕ್ಕಿಕೊಂಡಿರಬಹುದೆಂದು ನನಗೆ ತೋರಿತು. ಒಬ್ಬನೇ ದುಡಿಯುವ ವೃದ್ಧ ಕೆಲಸಗಾರನೊಬ್ಬನ ಬಳಿ ಒಯ್ದೆವು. ಅವನು ಸಂಕೇತಗಳನ್ನು ಓದಿದ, ಒತ್ತಡವನ್ನು ಅಳೆದ, ಬಳಿಕ ತಟ್ಟೆಯನ್ನು ಬಿಚ್ಚಿದ. ತಳದ ಕಂದು ತೈಲದಲ್ಲಿ ತಂತಿಯ ತುಣುಕೊಂದು ಬಿದ್ದಿತ್ತು. ಸಂಚಾಯಕದ ಮುಚ್ಚಳ ತೆಗೆದಾಗ ಉಳಿದುದೂ ಕಂಡಿತು. ಸ್ಪ್ರಿಂಗು ನಡುವೆ ಮುರಿದು, ತುಂಡುಗಳು ಒಂದರೊಳಗೊಂದು ಹೊಕ್ಕು ಗಿಡ್ಡವಾಗಿತ್ತು. ಅದರಿಂದ ಮೊದಲಿನ ಅದುಮು ಇಲ್ಲವಾಗಿ ಬ್ಯಾಂಡು ಜಾರುತ್ತಿತ್ತು. ಕಡೆಗೆ ಒಂದು ತುಂಡು ಅಡ್ಡ ಸಿಲುಕಿ ಪಿಸ್ಟನ್ನನ್ನು ಕದಲದಂತೆ ಹಿಡಿದಿತ್ತು. ಒದೆತ ಆರಂಭವಾದದ್ದು ಅಂದೇ.

ಹೊಸ ಸ್ಪ್ರಿಂಗು ಮತ್ತು ಪಿಸ್ಟನ್ನಿಗೆ ಕೊಟ್ಟ ಹಣ ಆ ಕುಟುಂಬದ ಒಂದು ಹೊತ್ತಿನ ಹೋಟೆಲ್ ಊಟದ ಬೆಲೆಗಿಂತ ಕಡಿಮೆ. ಕೂಲಿ ಮತ್ತು ತೈಲಕ್ಕೆ ಅದಕ್ಕಿಂತ ಹೆಚ್ಚಾಯಿತು. ಬಂಡಿ ಮತ್ತೆ ಮೊದಲಿನಂತೆ ನಡೆಯಿತು. ಎರಡನೆಯ ಗೇರಿಗೆ ಹೋಗುವಾಗ ಬಲ್ಲವನು ಹೆಗಲು ಕೊಟ್ಟಂತೆ ಸಣ್ಣದೊಂದು ಬಿಗಿತ ತಿಳಿಯುತ್ತಿತ್ತು, ಅಷ್ಟೆ. ಮಗಳು, "ಆಗಿನಷ್ಟು ಮೆತ್ತಗಿಲ್ಲವಲ್ಲ?" ಎಂದು ಕೇಳಿದಳು. ಕೆಲಸಗಾರ ಕೈ ಒರೆಸಿಕೊಳ್ಳುತ್ತ ಕಂದು ತೈಲದ ಪಾತ್ರೆಯನ್ನು ತೋರಿಸಿದ. ಆ ಎರಡು ತಿಂಗಳ ಮೆತ್ತನೆಯ ಓಟದಲ್ಲಿ ಬ್ಯಾಂಡಿನ ಪದರ ಸವೆದಿದೆ. ಅದನ್ನು ಈ ಸ್ಪ್ರಿಂಗು ಮರಳಿಸಲಾರದು. ಎಚ್ಚರದಿಂದ ಓಡಿಸಿದರೆ ಇನ್ನು ಕೆಲವು ಕಾಲ ಬಾಳೀತು ಎಂದ.

ಅದು ಇನ್ನೂ ಎರಡು ವರ್ಷ ಬಾಳಿತು. ಅಷ್ಟರಲ್ಲಿ ಅವರು ಹಣ ಕೂಡಿಸಿ, ಸಾಲವಿಲ್ಲದೆ ಬೇರೊಂದು ಬಂಡಿಯನ್ನು ಕೊಂಡರು. ಮುರಿದ ಆ ಸ್ಪ್ರಿಂಗನ್ನು ಮೊಮ್ಮಗ ಬೇಡಿ ಪಡೆದು ತನ್ನ ಮೇಜಿನ ಮೇಲಿಟ್ಟುಕೊಂಡಿದ್ದಾನೆ. ಗಾಡಿಯನ್ನು ಒದೆಯುವಂತೆ ಮಾಡಿದ್ದು ಇದೇ ಎಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತಾನಂತೆ. ಅದಕ್ಕೂ ಮುಂಚಿನ ಎರಡು ತಿಂಗಳ ಕಥೆಯನ್ನೂ ಸೇರಿಸಿ ಹೇಳೆಂದು ನಾನು ಅವನಿಗೆ ಪತ್ರ ಬರೆದಿದ್ದೇನೆ.